ಪಿನ್ನೊಳಗೆ ಸಿಕ್ಕ ಕೋಬಾಲ್ಟ್ ತುದಿ

ಮುರಿದ ಪಿನ್ನಿನ ಎರಡು ತುಂಡುಗಳನ್ನು ಗೋಣಿತಟ್ಟಿನಲ್ಲಿ ಸುತ್ತಿ ತಂದ ಸಾರ್ಜೆಂಟ್ ಅವನ್ನು ನನ್ನ ಉಗ್ರಾಣದ ಕಿಟಕಿ ಹಲಗೆಯ ಮೇಲಿಟ್ಟ. ತಟ್ಟಿಗೆ ರಕ್ತ ಹತ್ತಿತ್ತು. ಯಾರದ್ದೆಂದು ನಾನು ಕೇಳಲಿಲ್ಲ. ಸೋಮವಾರದ ಮೊದಲ ಪಾಳಿಯ ಮೂವರನ್ನು ಹೊತ್ತ ಕೇಜು ಉಕ್ಕಿನ ಹಗ್ಗದಿಂದ ಕಳಚಿ, ಗಣಿಬಾವಿಯ ತಳಕ್ಕೆ ಬಿದ್ದು ಎರಡು ಗಂಟೆಯೂ ಆಗಿರಲಿಲ್ಲ.

“ನೋಡು ಸಬೀನಕ್ಕಾ. ಇದು ತಾನಾಗೇ ಮುರಿದಿದ್ದಾ? ಇಲ್ಲಾ ಯಾರಾದ್ರೂ ಮುರಿಯೋ ಹಾಗೆ ಮಾಡಿದ್ದಾ?”

ಕೇಜನ್ನು ಹಗ್ಗಕ್ಕೆ ಸೇರಿಸುವ ಪಿನ್ ಅದು — ಮಣಿಕಟ್ಟಿನಷ್ಟು ದಪ್ಪ, ಶನಿವಾರವಷ್ಟೇ ಹಾಕಿದ ಹೊಸದು. ಮುರಿದ ಮುಖಕ್ಕೆ ದೀಪ ಹಿಡಿದೆ. ಉಕ್ಕಿನೊಳಗೆ ಒಂದು ತೂತು! ತೂತಿನ ಬಾಯಿಗೆ ಯಾರೋ ಪುಟ್ಟಿ ಮೆತ್ತಿ, ಮೇಲೆ ಕಪ್ಪು ಗ್ರೀಸು ಬಳಿದಿದ್ದರು. ಆಳದಲ್ಲಿ ಏನೋ ಮಿನುಗಿತು. ಮುರಿದು ಸಿಕ್ಕಿಕೊಂಡ ಡ್ರಿಲ್ ಬಿಟ್‌ನ ತುದಿ.

“ಬಿಟ್ ಯಾರ್ದು?”

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ವಿಲಾಪಂಪಾ ಗಣಿಯ ವರ್ಕ್‌ಶಾಪಿನಲ್ಲಿ ಹತ್ತೊಂಬತ್ತು ವರ್ಷದಿಂದ ಬಿಟ್ ಕೊಡುವವಳೂ ನಾನೇ, ವಾಪಸು ತೆಗೆದುಕೊಳ್ಳುವವಳೂ ನಾನೇ, ಕೆಡಿಸಿ ತಂದವರಿಗೆ ಮುಖ ಮೂತಿ ನೋಡದೆ ಉಗಿಯುವವಳೂ ನಾನೇ. ಗಂಡ ಇದೇ ಬಾವಿಯಲ್ಲಿ ಸತ್ತ ಮೇಲೆ ಕೊಟ್ಟ ಕೆಲಸ. ಬಿಟ್ ವಿಷಯದಲ್ಲಿ ಸುಳ್ಳಾಡಲು ನಾಲಗೆ ಹೊರಳಲಿಲ್ಲ.

“ಇದು ಕೋಬಾಲ್ಟ್ ಬಿಟ್. ಈ ಅಳತೇದು ಇಡೀ ವರ್ಕ್‌ಶಾಪಲ್ಲಿ ಇರೋದೇ ಎರಡು. ಒಂದು ನನ್ನ ಪೆಟ್ಟಿಗೇಲಿ ಬೀಗದೊಳಗಿದೆ.”

“ಇನ್ನೊಂದು?”

ಗೋಡೆಯ ಕೊಕ್ಕೆಗಳ ಕಡೆ ನೋಡಿದೆ. ನಮ್ಮಲ್ಲಿ ಪ್ರತಿ ಕೆಲಸಗಾರನಿಗೂ ನಂಬರು ಹೊಡೆದ ಹಿತ್ತಾಳೆ ಬಿಲ್ಲೆಗಳಿವೆ. ಉಪಕರಣ ಬೇಕೇ? ಬಿಲ್ಲೆ ಕೊಡು. ಬಿಲ್ಲೆ ನನ್ನ ಕೊಕ್ಕೆಗೆ, ಉಪಕರಣ ನಿನ್ನ ಕೈಗೆ. ಆ ಬಿಟ್‌ನ ಕೊಕ್ಕೆಯಲ್ಲಿ ಹದಿನಾಲ್ಕನೇ ನಂಬರಿನ ಬಿಲ್ಲೆ ನೇತಾಡುತ್ತಿತ್ತು. ಅದು ನನ್ನ ತಮ್ಮ ಸಿಪ್ರಿಯಾನೊನದು.

ಹಾಗಂತ ಹೇಳಿದೆ. ಮಧ್ಯಾಹ್ನದೊಳಗೆ ಅವನ ಕೈಗೆ ಬೇಡಿ ಬಿತ್ತು.

ಬೇಡಿ ಬೀಳಲು ಬಿಲ್ಲೆಯೊಂದೇ ಕಾರಣವಲ್ಲ. ಲೇತ್‌ನಲ್ಲಿ ಆ ಪಿನ್ನನ್ನು ಕಡೆದವನೂ ಅವನೇ. ಅದಕ್ಕಿಂತ ಹೆಚ್ಚಾಗಿ, ಗುರುವಾರ ಸಂಜೆ ಮೆಕ್ಕೆಜೋಳದ ಹೆಂಡ ಮಾರುವ ಚಿಚಾ ಅಂಗಡಿಯಲ್ಲಿ ನಡೆದ ಜಗಳ. ಗಣಿಯೊಳಗೆ ಕೆಲಸ ಮಾಡುವ ಬೆನಿಗ್ನೊ ಎಂಬವನು ಕುಡಿದು, “ಬಾವಿಗಿಳಿಯೋಕೆ ಹೆದರಿ ಲೇತ್ ಹಿಂದೆ ಅಡಗಿಕೊಂಡಿರೋ ಗಂಡಸು ನೋಡ್ರೋ!” ಎಂದು ನನ್ನ ತಮ್ಮನನ್ನು ಹಂಗಿಸಿದ್ದ. ನನ್ನ ತಮ್ಮನೇನು ಸುಮ್ಮನಿರುವವನೇ? ಹತ್ತು ಜನರೆದುರು ಬಾಯಿ ಬಿಟ್ಟಿದ್ದ: “ನೀನು ಇಳಿಯೋ ಕೇಜೇ ನಿನ್ನ ಗೋರಿ ಆಗ್ಲಿ!” ಸೋಮವಾರ ಸತ್ತ ಮೂವರಲ್ಲಿ ಬೆನಿಗ್ನೊ ಒಬ್ಬ.

ಸಂಜೆಯ ಹೊತ್ತಿಗೆ ಪೊಲೀಸ್ ಠಾಣೆಯ ಎದುರು ಇಡೀ ಊರೇ ನೆರೆದಿತ್ತು. ಕೆಲವರ ಸೊಂಟದಲ್ಲಿ ಡೈನಮೈಟ್ ಕಡ್ಡಿ. “ಅವನನ್ನ ನಮ್ಮ ಕೈಗೆ ಕೊಡಿ!” ಠಾಣೆಯಲ್ಲಿದ್ದವರು ಸಾರ್ಜೆಂಟ್ ಮತ್ತು ಇನ್ನೊಬ್ಬ ಪೇದೆ, ಇಬ್ಬರೇ. ಮಂಗಳವಾರ ನಾಲ್ಕು ಗಂಟೆಗೆ ಮೂರು ಹೆಣಗಳ ಮಣ್ಣು. ಅದೇ ಹೊತ್ತಿಗೆ ಸಿಪ್ರಿಯಾನೊನನ್ನು ಜೀಪಿನಲ್ಲಿ ಒರೂರೊ ಜೈಲಿಗೆ ಸಾಗಿಸುವುದೆಂದು ತೀರ್ಮಾನವಾಯಿತು. ಜೀಪು ಊರಾಚೆಯ ಸೇತುವೆ ದಾಟುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಸಾರ್ಜೆಂಟ್‌ಗೂ ಗೊತ್ತಿತ್ತು, ನನಗೂ.

ಮಂಗಳವಾರ ಹತ್ತು ಗಂಟೆಗೆ ಗಣಿ ತಪಾಸಣಾಧಿಕಾರಿ ದೋನ್ ಅಬೆಲಾರ್ದೊ ಬಂದರು. ಕುಳ್ಳು ಮುದುಕ. ದವಡೆಯಲ್ಲಿ ಕೋಕಾ ಎಲೆಯ ಉಂಡೆ, ಕೋಟಿನ ಜೇಬಿನಲ್ಲಿ ಒಂದು ಭೂತಗನ್ನಡಿ. ಈ ಕೆಲಸಕ್ಕೆ ಬರುವ ಮುಂಚೆ ಇಪ್ಪತ್ತು ವರ್ಷ ಲೇತ್ ಕಲಿಸುವ ಮೇಷ್ಟ್ರಾಗಿದ್ದರಂತೆ.

ಅವರನ್ನು ಬರಮಾಡಿಕೊಂಡವನು ಮೇಸ್ತ್ರಿ ಇಲಾರಿಯೊ. ವರ್ಕ್‌ಶಾಪಿಗೆಲ್ಲ ಯಜಮಾನ. ಗಣಿಯ ಕುಲುಮೆಯಲ್ಲಿ ಕಮ್ಮಾರನಾಗಿ, ಬಂಡೆ ಕೊರೆಯುವ ಸಲಾಕೆಗಳಿಗೆ ಹದ ಹಾಕುತ್ತ ಶುರುಮಾಡಿ, ಮೂವತ್ತು ವರ್ಷದಲ್ಲಿ ಮೇಲೆ ಬಂದವನು. ಅವನ ಕೈಗೆ ಗ್ರೀಸು ಹತ್ತಿದ್ದನ್ನು ನಾನು ನೋಡಿ ಹತ್ತು ವರ್ಷವಾಯಿತು. ಇಸ್ತ್ರಿ ಮಾಡಿದ ನೀಲಿ ಕೋಟು, ಕಿವಿಯ ಸಂದಿಯಲ್ಲಿ ಪೆನ್ಸಿಲು.

“ಸಾಹೇಬ್ರೇ, ಈಕೆ ಆರೋಪಿಯ ಅಕ್ಕ. ತನಿಖೆ ಮುಗಿಯೋವರೆಗೂ ಹೊರಗಿಡೋದು ಒಳ್ಳೇದು” ಎಂದ.

“ಬಿಟ್ ಯಾರ್ದು ಅಂತ ಸಾರ್ಜೆಂಟ್‌ಗೆ ಹೇಳಿದ್ದು ಯಾರು?”

“ಈಕೆನೇ.”

“ಹಾಗಿದ್ರೆ ಈಕೆನೇ ನನ್ನ ಜೊತೆ ಇರ್ಲಿ. ದೋನ್ಯಾ ಸಬೀನಾ, ಒಂದು ಲೋಟ ಸೀಮೆಎಣ್ಣೆ, ಒಂದು ಸೀಮೆಸುಣ್ಣದ ತುಂಡು ಕೊಡ್ತೀರಾ?”

ಮರ್ಯಾದೆ ಕೊಟ್ಟು ದೋನ್ಯಾ ಎನ್ನುವವರು ಪರಿಚಯವಿಲ್ಲದವರು ಮಾತ್ರ. ಸೀಮೆಎಣ್ಣೆ ಸರಿ, ಸುಣ್ಣ ಯಾಕೆ? ಮುದುಕನಿಗೆ ಮರುಳು ಹಿಡಿದಿದೆ ಎಂದುಕೊಂಡೆ. ಆದರೂ ತಂದುಕೊಟ್ಟೆ. ಅವರು ಪಿನ್ನಿನ ತುಂಡನ್ನು ಮರದ ಕೊಡತಿಯಿಂದ ಹಗುರವಾಗಿ ತಟ್ಟಿ ತಟ್ಟಿ, ಬಿಟ್‌ನ ಮುರಿದ ತುದಿಯನ್ನು ಹೊರಕ್ಕೆ ಉದುರಿಸಿದರು. ಅರ್ಧ ಬೆರಳುದ್ದವಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟು, ಪಿನ್ನನ್ನು ಅಳೆಯತೊಡಗಿದರು.

“ಈ ಉಕ್ಕು ಎಲ್ಲಿಂದ?”

“ಹಳೇ ಲಾರಿ ಅಚ್ಚಿಂದು.”

“ಇದಕ್ಕೆ ಯಾವ ಬಿಟ್ ಕೊಡ್ತೀರಿ?”

“ಕೋಬಾಲ್ಟೇ. ಸಾಧಾರಣ ಬಿಟ್ ಹಾಕಿದ್ರೆ ಹಂದಿ ಹಾಗೆ ಕಿರುಚುತ್ತೆ. ತುದಿ ನೀಲಿಯಾಗಿ ಸತ್ತೇಹೋಗುತ್ತೆ. ಕೋಬಾಲ್ಟ್ ಆದ್ರೂ ಮೂತಿ ಚಪ್ಪಟೆ ಇರ್ಬೇಕು, ನಿಧಾನಕ್ಕೆ ತಿರುಗ್ಬೇಕು, ಗಟ್ಟಿಯಾಗಿ ಒತ್ತಬೇಕು, ಎಣ್ಣೆ ಬಿಡ್ತಾನೇ ಇರ್ಬೇಕು. ಹೆದರಿ ಹೆದರಿ ಒತ್ತಿದ್ರೆ ಕೊರೆಯೋದಿಲ್ಲ, ಬರೀ ಉಜ್ಜುತ್ತೆ. ಬಿಟ್ ಮೊಂಡಾಗುತ್ತೆ.”

“ಈ ತೂತು ಯಾವ್ದರಲ್ಲಿ ಕೊರ್ದಿದ್ದಾರೆ?”

ಅವರು ತೋರಿಸಿದ್ದು ಪಿನ್ನಿನ ಇನ್ನೊಂದು ತುದಿಯಲ್ಲಿದ್ದ ಕಡಾಣಿ ತೂತನ್ನು. ಗಾಡಿಯ ಚಕ್ರ ಕಳಚದಂತೆ ಅಚ್ಚಿನ ತುದಿಗೆ ಕಡಾಣಿ ಹಾಕುತ್ತಾರಲ್ಲ, ಹಾಗೆ ಪಿನ್ ಜಾರದಂತೆ ಕಡ್ಡಿ ತೂರಿಸುವ ತೂತು. ಅದು ಇರಲೇಬೇಕಾದ ತೂತು, ಇರಬೇಕಾದ ಜಾಗದಲ್ಲೇ ಇತ್ತು. ಆದರೆ ಗೋಡೆಯೆಲ್ಲ ಸುಟ್ಟು, ಅಂಕುಡೊಂಕು.

“ಥೂ! ಸಾಧಾರಣ ಬಿಟ್‌ನಲ್ಲಿ ಕೊರ್ದಿದ್ದಾನೆ. ಎರಡು ಮೂರಾದ್ರೂ ಸುಟ್ಟಿರ್ತಾನೆ ಪಾಪಿ.”

“ಒಂದು ತೂತಿಗೆ ಕೋಬಾಲ್ಟ್, ಇನ್ನೊಂದಕ್ಕೆ ಸಾಧಾರಣ...” ಎಂದು ಗೊಣಗಿಕೊಂಡು ಅವರು ಎರಡೂ ತೂತುಗಳನ್ನು ಎರಡು ತುದಿಗಳಿಂದ ಮತ್ತೆ ಅಳೆದು ಚೀಟಿಯಲ್ಲಿ ಬರೆದುಕೊಂಡರು. ಆಮೇಲೆ ಬಿಟ್‌ನ ತುದಿಯನ್ನು ಎಣ್ಣೆಯಿಂದ ತೆಗೆದು, ಬಟ್ಟೆಯಲ್ಲಿ ಒಣಗುವಂತೆ ಒರೆಸಿ, ಸೀಮೆಸುಣ್ಣದ ಪುಡಿಯನ್ನು ಅದರ ಮೇಲೆ ಉದುರಿಸಿದರು. ಅಂಗೈಯಲ್ಲಿ ಸ್ವಲ್ಪ ಹೊತ್ತು ಬೆಚ್ಚಗೆ ಹಿಡಿದು, ಭೂತಗನ್ನಡಿಯನ್ನು ನನಗೆ ಕೊಟ್ಟರು.

“ನೋಡಿ.”

ಕೊರೆಯುವ ಅಂಚಿನ ಬಿಳಿ ಪುಡಿಯಲ್ಲಿ ಸಣ್ಣ ಸಣ್ಣ ಒದ್ದೆ ಗೆರೆಗಳು ಮೂಡಿದ್ದವು, ತಲೆಕೂದಲಿನಷ್ಟು ತೆಳ್ಳಗೆ.

“ಬಿರುಕು! ಒಳಗಿಳಿದ ಎಣ್ಣೆ ಈಗ ಹೊರಗೆ ಬರ್ತಿದೆ.”

“ಹೂಂ. ಇದನ್ನ ಸದ್ಯ ಹೊಟ್ಟೇಲಿಟ್ಕೊಳ್ಳಿ. ಈಗ ಶನಿವಾರ ಇಲ್ಲಿದ್ದವರನ್ನ ಕರೀರಿ.”

ಮೊದಲು ಬಂದವನು ಎವಾರಿಸ್ತೊ. ಡ್ರಿಲ್ ಯಂತ್ರ ಅವನ ಸುಪರ್ದಿಯದು. ಕಣ್ಣು ಕೆಂಪಗೆ, ಬಾಯಲ್ಲಿ ಹಿಂದಿನ ದಿನದ ವಾಸನೆ.

“ಕಡಾಣಿ ತೂತು ಕೊರೆಯೋದು ನಿನ್ನ ಕೆಲಸ ತಾನೆ?”

“ನಂದೇ ಸಾಹೇಬ್ರೇ. ಆದ್ರೆ ನಾನು ಕೊರೀಲಿಲ್ಲ.”

“ಯಾಕೆ?”

“ಶನಿವಾರ ಏಳು ಗಂಟೆಗೆ ಬರ್ಬೇಕಿತ್ತು. ಬಂದಿದ್ದು ಹನ್ನೊಂದಕ್ಕೆ. ಶುಕ್ರವಾರ ನನ್ನ ಭಾವನ ಹುಟ್ಟುಹಬ್ಬ... ಅದಿರ್ಲಿ. ಬರೋಷ್ಟ್ರಲ್ಲಿ ತೂತು ಕೊರೆದು, ಗ್ರೀಸ್ ಬಳಿದು, ಪಿನ್ ರೆಡಿಯಾಗಿ ಕೂತಿತ್ತು. ಪುಣ್ಯಾತ್ಮ ಯಾರೋ ನನ್ನ ಕೆಲಸ ಮುಗಿಸಿದಾನೆ ಅಂತ ಸುಮ್ನಾದೆ.”

“ಯಾರು ಅಂತ ಕೇಳ್ಲಿಲ್ವಾ?”

“ಕೇಳಿದ್ರೆ ನಾನು ತಡವಾಗಿ ಬಂದಿದ್ದು ಗೊತ್ತಾಗಲ್ವಾ?”

ಅವನ ತಲೆಯ ಮೇಲೆ ಮೊಟಕಬೇಕೆನ್ನಿಸಿತು. ಆಮೇಲೆ ಮೇಸ್ತ್ರಿ ಇಲಾರಿಯೊನ ಸರದಿ.

“ಶನಿವಾರ ಬೆಳಿಗ್ಗೆ ನೀವೆಷ್ಟೊತ್ತಿಗೆ ಬಂದ್ರಿ?”

“ಏಳಕ್ಕೆ ಮುಂಚೆ. ಯಾವಾಗ್ಲೂ ಹಾಗೇ.”

“ಪಿನ್ ನೋಡಿದ್ರಾ?”

“ಮೇಜಿನ ಮೇಲಿತ್ತು. ತೂತು ಆಗ್ಲೇ ಆಗಿತ್ತು. ಸಿಪ್ರಿಯಾನೊ ಶುಕ್ರವಾರವೇ ಮುಗಿಸಿರ್ಬೇಕು ಅನ್ಕೊಂಡೆ. ಅದನ್ನ ಕೇಜಿಗೆ ಹಾಕೋಕೆ ಕಳಿಸ್ದೆ. ಕಳ್ಳ ತೂತು ಕಾಣ್ಲಿಲ್ಲ, ಸಾಹೇಬ್ರೇ. ಕಂಡಿದ್ರೆ...” ಅವನು ಕಿವಿಯ ಪೆನ್ಸಿಲು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದ. “ಆ ಮೂವರೂ ನನಗೆ ಗೊತ್ತಿದ್ದವರೇ.”

“ನೀವು ಬಿಟ್ ಹಿಡಿಯೋದುಂಟಾ?”

“ನಾನಾ? ಅದಕ್ಕೆ ಜನ ಇದಾರೆ.”

ಮೂರನೆಯವನನ್ನು ಠಾಣೆಯಿಂದ ಕರೆತರಬೇಕಾಯಿತು. ಇನ್ನೂರು ಹೆಜ್ಜೆ ದೂರಕ್ಕೆ ಸಾರ್ಜೆಂಟ್ ಬಂದೂಕು ಹಿಡಿದು ಬಂದ. ನನ್ನ ತಮ್ಮನ ಹಣೆ ಒಡೆದಿತ್ತು. ಯಾರೋ ಕಲ್ಲು ಬೀರಿದ್ದರು. ಹೊರಗೆ ಹೆಂಗಸರ ಅಳು, ಗಂಡಸರ ಬೈಗುಳ. ಅವನು ನನ್ನನ್ನು ನೋಡಿ, “ಅಕ್ಕಾ, ನೀರಿದ್ಯಾ?” ಎಂದ. ಕೊಟ್ಟೆ. ಬೇಡಿಯ ಕೈಯಲ್ಲೇ ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದ.

ದೋನ್ ಅಬೆಲಾರ್ದೊ ಕೇಳಿದರು: “ಕೋಬಾಲ್ಟ್ ಬಿಟ್ ನೀನು ತಗೊಂಡಿದ್ದು ಯಾಕೆ?”

“ಗುರುವಾರ ಪಂಪಿನ ತಟ್ಟೆ ಕೊರೆಯೋಕೆ. ಆಮೇಲೆ ಲೇತ್ ಡ್ರಾಯರ್‌ನಲ್ಲಿಟ್ಟೆ.”

“ವಾಪಸು ಯಾಕೆ ಕೊಡ್ಲಿಲ್ಲ?”

“ಸೋಮವಾರ ಮತ್ತೆ ಬೇಕಿತ್ತು. ಕೊಟ್ರೆ ಅಕ್ಕ ಮತ್ತೆ ಕೊಡೋಕೆ ಹತ್ತು ಸಲ ಯೋಚಿಸ್ತಾಳೆ. ಶನಿವಾರ ನಾನು ಎಂಟಕ್ಕೆ ಬಂದು ಆಚೆ ಶೆಡ್ಡಿನಲ್ಲಿ ಪಂಪು ಕೂರಿಸ್ತಿದ್ದೆ. ಪಿನ್ನು ನಾನು ಶುಕ್ರವಾರ ಮೇಜಿನ ಮೇಲೆ ಬಿಟ್ಟಾಗ ಅದರಲ್ಲಿ ಒಂದು ತೂತೂ ಇರ್ಲಿಲ್ಲ. ಅಮ್ಮನಾಣೆ.”

“ಹಾಗಾದ್ರೆ ಯಾರು ಕೊರೆದ್ರು?”

“ಗೊತ್ತಿದ್ರೆ ಹೇಳ್ತಿರ್ಲಿಲ್ವಾ ಸಾಹೇಬ್ರೇ? ನನ್ನ ಕುತ್ತಿಗೆಗೆ ಬಂದಿದೆ.”

ಗೋಡೆ ಗಡಿಯಾರ ಎರಡೂಕಾಲು ತೋರಿಸುತ್ತಿತ್ತು. ದೋನ್ ಅಬೆಲಾರ್ದೊ ಮೂವರನ್ನೂ ಸಾಣೆಚಕ್ರದ ಹತ್ತಿರ ನಿಲ್ಲಿಸಿದರು.

“ಕಳ್ಳ ತೂತಿನ ತಳ ಚಪ್ಪಟೆಯಾಗಿದೆ” ಎಂದರು ಎಲ್ಲರಿಗೂ ಕೇಳುವಂತೆ. “ಅಂದ್ರೆ ಬಿಟ್‌ನ ಮೂತಿಯೂ ಚಪ್ಪಟೆ. ಒಬ್ಬೊಬ್ಬರ ಸಾಣೆ ಒಂದೊಂದು ಥರ. ದೋನ್ಯಾ ಸಬೀನಾ ಬೇರೆ ಅಳತೆಯ ಮೂರು ಮೊಂಡು ಕೋಬಾಲ್ಟ್ ಬಿಟ್ ಕೊಡ್ತಾರೆ. ಮೂವರೂ ಸಾಣೆ ಹಿಡೀರಿ. ಯಾರ ಮೂತಿ ಆ ತೂತಿಗೆ ಹೊಂದುತ್ತೋ ನೋಡೋಣ.”

“ನಾನೂನಾ?” ಎಂದ ಮೇಸ್ತ್ರಿ.

“ನೀವೂ. ಇಲ್ದಿದ್ರೆ ಹೊರಗಿರೋರು ಪಕ್ಷಪಾತ ಅಂತಾರೆ.”

ಎವಾರಿಸ್ತೊ ಮೊದಲು ನಿಂತ. ಒತ್ತಿ ಹಿಡಿದ, ಕಿಡಿ ಚಿಮ್ಮಿತು. ಬಿಸಿ ತಾಳದೆ ಕೈ ಕೊಡವಿದ, ಅಮ್ಮಾ ಎಂದ, ಚಿಂದಿಯಲ್ಲಿ ಸುತ್ತಿಕೊಂಡು ಮತ್ತೆ ಒತ್ತಿದ. ಅಂಚು ನೀಲಿ ತಿರುಗಿತು. ತುದಿಯ ಎರಡು ಕೊರೆಯುವ ತುಟಿಗಳಲ್ಲಿ ಒಂದು ಉದ್ದ, ಒಂದು ಗಿಡ್ಡ. ಬೇರೆ ದಿನವಾಗಿದ್ದರೆ ಅವನ ಗ್ರಹಚಾರ ಬಿಡಿಸುತ್ತಿದ್ದೆ.

ಸಿಪ್ರಿಯಾನೊನ ಬೇಡಿ ಬಿಚ್ಚಿದರು. ಅವನು ಒಂದು ಸಲ ತಾಗಿಸುವುದು, ತೆಗೆಯುವುದು, ಬೆಳಕಿಗೆ ಹಿಡಿದು ನೋಡುವುದು, ಗಾಳಿಯಲ್ಲಿ ಆರಲು ಬಿಡುವುದು, ಬೆರಳಲ್ಲಿ ಮುಟ್ಟಿ ಬಿಸಿ ನೋಡುವುದು, ಮತ್ತೆ ತಾಗಿಸುವುದು. ನಾನೇ ಕಲಿಸಿದ್ದು. ಕುತ್ತಿಗೆಗೆ ಹಗ್ಗ ಬಿದ್ದಿರುವಾಗಲೂ ಅವನು ಅವಸರ ಮಾಡಲಿಲ್ಲ. ಮೂತಿ ಚಪ್ಪಟೆಯಾಗಿ, ಲಕ್ಷಣವಾಗಿ ಬಂತು. ದಡ್ಡ! ಸ್ವಲ್ಪ ಚೂಪು ಮಾಡಬಾರದಿತ್ತೇ? ಸಾರ್ಜೆಂಟ್ ಆಗಲೇ ತಲೆಯಾಡಿಸುತ್ತಿದ್ದ.

ಕೊನೆಗೆ ಮೇಸ್ತ್ರಿ. ಕೋಟಿನ ತೋಳು ಮಡಿಸಿದ. ಹತ್ತು ವರ್ಷ ಬಿಟ್ ಮುಟ್ಟದಿದ್ದರೇನು, ಎಂಥ ಕೈ! ಒಂದೇ ಹಿಡಿತ, ಸರ್ರನೆ ಒಂದು ತಿರುವು. ತುದಿ ಕೆಂಪಾಯಿತು. ಪಕ್ಕದ ಡಬ್ಬಿಯ ನೀರಿಗೆ ಚುಂಯ್ ಎಂದು ಅದ್ದಿದ. ಇನ್ನೊಂದು ತುಟಿಗೂ ಅದೇ. ಮತ್ತೆ ಚುಂಯ್. ನಾಲ್ಕೇ ನಿಮಿಷ. ಬಿಟ್ ತಂದು ಮೇಜಿನ ಮೇಲಿಟ್ಟ. ಮೂತಿ ಚೂಪಾಗಿ, ಪೆನ್ಸಿಲಿನಂತಿತ್ತು.

“ಹೊಂದೋದಿಲ್ಲ ನೋಡಿ” ಎಂದು ತಾನೇ ಹೇಳಿದ.

“ಹೊಂದೋದಿಲ್ಲ” ಎಂದರು ದೋನ್ ಅಬೆಲಾರ್ದೊ.

“ಸಿಪ್ರಿಯಾನೊಂದು ಹೊಂದುತ್ತೆ” ಎಂದ ಸಾರ್ಜೆಂಟ್, ಬೇಡಿ ಕೈಗೆತ್ತಿಕೊಂಡು.

“ಬೇಡಿ ಅಲ್ಲೇ ಇರ್ಲಿ. ಇನ್ನೊಬ್ಬರಿಗೆ ಬೇಕಾಗುತ್ತೆ.”

ಅವರು ಮೂರೂ ಬಿಟ್‌ಗಳನ್ನು ಸೀಮೆಎಣ್ಣೆ ಲೋಟಕ್ಕೆ ಹಾಕಿದರು. ಹೊರಗೆ ಚರ್ಚಿನ ಗಂಟೆ ಮೊಳಗತೊಡಗಿತು. ಹೆಣ ಎತ್ತುವ ಸಿದ್ಧತೆ.

“ಎಲ್ರೂ ಮೂತಿ ನೋಡ್ತಾ ಇದ್ರಿ” ಎಂದರು ಮುದುಕ, ಒಂದೊಂದೇ ಬಿಟ್ ತೆಗೆದು ಒರೆಸುತ್ತ. “ಮೂತಿ ಬರೀ ನೆಪ. ಗಟ್ಟಿ ಉಕ್ಕಿಗೆ ಚಪ್ಪಟೆ ಇರ್ಬೇಕು ಅಂತ ಈ ಕೆಲಸ ಬಲ್ಲವರಿಗೆಲ್ಲ ಗೊತ್ತು. ಬೇಕಾದವನು ಬೇಕಾದ ಹಾಗೆ ಹಿಡೀಬಹುದು. ನಾನು ನೋಡ್ತಿದ್ದಿದ್ದು ನೀರಿನ ಡಬ್ಬಿನ.”

ಮೇಸ್ತ್ರಿ ಡಬ್ಬಿಯ ಕಡೆ ತಿರುಗಿ ನೋಡಿದ.

“ದೋನ್ಯಾ ಸಬೀನಾ, ಕಾದ ಕೋಬಾಲ್ಟ್ ಬಿಟ್‌ನ ನೀರಿಗೆ ಅದ್ದಿದ್ರೆ ಏನಾಗುತ್ತೆ?”

“ಅದ್ದೋದಾ! ಅದ್ದಿದವನ ಕೈ ಮುರೀತೀನಿ. ಅಂಚೆಲ್ಲ ಸಣ್ಣಗೆ ಬಿರುಕು ಬಿಡುತ್ತೆ. ಕಣ್ಣಿಗೆ ಕಾಣೋದಿಲ್ಲ. ಆಮೇಲೆ ಕೊರೆಯೋವಾಗ ಪಟ್ ಅಂತ...” ಪಿನ್ನಿಂದ ಉದುರಿದ ತುದಿಯ ಕಡೆ ನೋಡಿದೆ.

“ಪಟ್ ಅಂತ ಮುರಿಯುತ್ತೆ. ಪಿನ್ನೊಳಗೆ ಸಿಕ್ಕ ತುದೀಲಿ ಆ ಬಿರುಕು ಇದೆ. ನಿಮ್ಮ ತಮ್ಮ ಗಾಳೀಲಿ ಆರಿಸ್ತಾನೆ. ಎವಾರಿಸ್ತೊ ಕೈ ಸುಟ್ಕೊಂಡ, ಆದ್ರೂ ನೀರಿಗೆ ಹೋಗ್ಲಿಲ್ಲ. ನೀವು ಬೈದೂ ಬೈದೂ ಅವನಿಗೆ ಅಷ್ಟಾದ್ರೂ ಬಂದಿದೆ. ಆದ್ರೆ ಕುಲುಮೇಲಿ ಬಂಡೆ ಕೊರೆಯೋ ಸಲಾಕೆಗೆ ಹದ ಹಾಕಿ ಬೆಳೆದ ಕೈ? ಆ ಉಕ್ಕನ್ನ ಕೆಂಪಾದ ಕೂಡಲೇ ಅದ್ದಲೇಬೇಕು, ಇಲ್ದಿದ್ರೆ ಮೆತ್ತಗಾಗುತ್ತೆ. ಆ ಕೈಗೆ ಯೋಚನೆ ಬೇಡ. ತಾನಾಗೇ ಡಬ್ಬಿಗೆ ಹೋಗುತ್ತೆ. ಮೇಸ್ತ್ರಿ, ನೀವು ಮೂತಿನ ಬೇಕಂತಲೇ ಚೂಪು ಮಾಡಿದ್ರಿ. ಕೈನ ತಡೆಯೋಕೆ ಮರೆತ್ರಿ.”

ಸುಣ್ಣದ ಪುಡಿ ಉದುರಿಸಿದ ಮೂರು ಬಿಟ್‌ಗಳನ್ನು ಅವರು ಸಾಲಾಗಿ ಇಟ್ಟರು. ಎರಡರಲ್ಲಿ ಏನೂ ಇರಲಿಲ್ಲ. ಮೂರನೆಯದರ ಅಂಚಿನಲ್ಲಿ ಒದ್ದೆ ಗೆರೆಗಳು ಮೂಡುತ್ತಿದ್ದವು.

“ಇದು... ಇದೇನು ಸಾಕ್ಷಿ?” ಎಂದ ಮೇಸ್ತ್ರಿ. “ನೀರಿಗೆ ಅದ್ದಿದವರೆಲ್ಲ ಕೊಲೆಗಾರರಾ? ಬೆನಿಗ್ನೊ ಮೇಲೆ ನನಗೇನು ದ್ವೇಷ?”

“ಯಾರಿಗೂ ದ್ವೇಷ ಇರ್ಲಿಲ್ಲ. ಕೊಲ್ಲೋಕೆ ಅಂತ ಕೊರೆದ ತೂತೇ ಅಲ್ಲ ಅದು.” ಅವರು ಅಳತೆಯ ಚೀಟಿ ಬಿಡಿಸಿದರು. “ಕಡಾಣಿ ತೂತು ಈ ತುದಿಯಿಂದ ಮೂವತ್ತೆರಡು ಮಿಲಿಮೀಟರ್. ಕಳ್ಳ ತೂತು ಆ ತುದಿಯಿಂದ — ಮೂವತ್ತೆರಡು! ಪಿನ್ನನ್ನ ತಿರುಗಾ ಹಿಡಿದು ಗುರುತು ಹಾಕಿದಾನೆ, ಅಷ್ಟೇ. ಈ ತುದಿ ಹೊರಕ್ಕೆ ಚಾಚಿರುತ್ತೆ, ಅಲ್ಲಿ ತೂತಿದ್ರೆ ತೊಂದರೆ ಇಲ್ಲ. ಆ ತುದಿ ಕೇಜಿನ ಕೊಂಡಿಯ ಗೂಡೊಳಗೆ ಕೂರುತ್ತೆ. ಅಲ್ಲಿ ಮೂವತ್ತೆರಡು ಅಂದ್ರೆ ಇಡೀ ಕೇಜಿನ ಭಾರ ಬೀಳೋ ಜಾಗ. ಅರ್ಧ ಕೊರೆಯೋಷ್ಟ್ರಲ್ಲಿ ಬಿಟ್ ಮೊಂಡಾಯ್ತು. ಸಾಣೆ ಹಿಡಿದ, ನೀರಿಗೆ ಅದ್ದಿದ, ಮತ್ತೆ ಕೊರೆದ, ಮುರೀತು. ಆಗ ಗೊತ್ತಾಯ್ತು ತಪ್ಪು ಜಾಗ ಅಂತ. ಪುಟ್ಟಿ ಮೆತ್ತಿದ. ಸರಿಯಾದ ತೂತನ್ನ ಡ್ರಿಲ್ ಯಂತ್ರದ ಹತ್ರ ಬಿದ್ದಿದ್ದ ಸಾಧಾರಣ ಬಿಟ್‌ನಲ್ಲಿ, ಸುಟ್ಟೂ ಸುಟ್ಟೂ ಕೊರೆದ. ಸಿಪ್ರಿಯಾನೊ ಆಗಿದ್ರೆ? ಎರಡನೇ ಕೋಬಾಲ್ಟ್ ಕೇಳಿ ಅಕ್ಕನ ಹತ್ರ ಬರ್ತಿದ್ದ.”

“ಬೈಸ್ಕೊಂಡು ತಗೊಂಡು ಹೋಗ್ತಿದ್ದ” ಎಂದೆ ನಾನು.

“ಊಹೆ! ಎಲ್ಲಾ ಊಹೆ!” ಎಂದು ಮೇಸ್ತ್ರಿ ಕೂಗಿದ.

“ಇರಬಹುದು. ಆದ್ರೆ ಮುರಿದ ಬಿಟ್‌ನ ಉಳಿದ ಭಾಗ ಎಲ್ಲಿ? ಕಸದಲ್ಲಿಲ್ಲ. ಬೇರೆ ಕಡೆ ಆಗಿದ್ರೆ ಅಪರಾಧಿ ಅದನ್ನ ಹೊಂಡಕ್ಕೆ ಎಸೀತಿದ್ದ. ಆದ್ರೆ ಹೇಳಿ ದೋನ್ಯಾ ಸಬೀನಾ, ಇಷ್ಟುದ್ದ ಕೋಬಾಲ್ಟ್ ತುಂಡನ್ನ ನಿಮ್ಮ ವರ್ಕ್‌ಶಾಪಲ್ಲಿ ಯಾರಾದ್ರೂ ಎಸೀತಾರಾ?”

ಎಸೆಯುತ್ತಾರೆಯೇ! ಹೆಬ್ಬೆರಳಿನಷ್ಟು ಉಳಿದರೂ ಮತ್ತೆ ಸಾಣೆ ಹಿಡಿದು ಬಳಸುವವರು ನಾವು. ವರ್ಷಕ್ಕೊಂದು ಬರುವ ಸಾಮಾನು. ನಾನು ಉತ್ತರಿಸಲು ನಿಲ್ಲಲಿಲ್ಲ. ನೇರ ಮೇಸ್ತ್ರಿಯ ಕೋಣೆಗೆ ನುಗ್ಗಿದೆ. “ಏಯ್, ಏಯ್!” ಎಂದು ಅವನು ಹಿಂದೆ ಬಂದ. ಸಾರ್ಜೆಂಟ್ ತಡೆದ. ಮೇಜಿನ ಮೂರನೇ ಖಾನೆಯಲ್ಲಿ, ನಕ್ಷೆಗಳ ಕೆಳಗೆ, ಎಣ್ಣೆ ಬಟ್ಟೆಯಲ್ಲಿ ನೀಟಾಗಿ ಸುತ್ತಿಟ್ಟಿದ್ದ. ತುಕ್ಕು ಹಿಡಿಯಬಾರದಲ್ಲ!

ದೋನ್ ಅಬೆಲಾರ್ದೊ ಪಿನ್ನಿಂದ ತೆಗೆದ ತುದಿಯನ್ನು ಅದರ ಮುರಿದ ಮುಖಕ್ಕೆ ಹಚ್ಚಿದರು. ಕೂದಲೆಳೆ ಸಂದಿಲ್ಲದಂತೆ ಕೂತಿತು.

“ಮೇಸ್ತ್ರಿ ಇಲಾರಿಯೊ, ಆ ಪಿನ್ ಕೊರೆದವರು ನೀವು.”

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಕೈಗಳನ್ನೇ ನೋಡುತ್ತ ಹೇಳಿದ:

“ಎವಾರಿಸ್ತೊ ಬಂದಿರ್ಲಿಲ್ಲ. ಮೇಲಿನವರು ಫೋನ್ ಮೇಲೆ ಫೋನ್. ಕೇಜು ನಿಂತಿದೆ, ಪಿನ್ ಎಲ್ಲಿ, ಪಿನ್ ಎಲ್ಲಿ... ನಾನೇ ಮಾಡಿಬಿಡೋಣ ಅಂತ ಡ್ರಾಯರ್‌ನಿಂದ ಬಿಟ್ ತಗೊಂಡೆ. ಮಂಗಳವಾರ ಹೊಸ ಪಿನ್ ಮಾಡ್ಸಿ ಬದಲಾಯಿಸೋಣ ಅಂತಿದ್ದೆ. ಮೂರು ದಿನ ತಾಳುತ್ತೆ ಅನ್ಕೊಂಡೆ.”

“ತಾಳ್ಲಿಲ್ವಲ್ಲೋ!” ಎಂದು ಕಿರುಚಿದೆ. “ಅದೂ ಹೋಗ್ಲಿ. ನನ್ನ ತಮ್ಮನ ಕೈಗೆ ಬೇಡಿ ಹಾಕಿದಾಗ ನೀನು ಪಕ್ಕದಲ್ಲೇ ನಿಂತಿದ್ದೆ. ಅವನ ತಲೆಗೆ ಕಲ್ಲು ಬೀಳೋವಾಗ ನೋಡ್ತಿದ್ದೆ. ನಾಲ್ಕು ಗಂಟೆಗೆ ಸೇತುವೆ ಹತ್ರ ಅವನನ್ನ ಏನು ಮಾಡ್ತಿದ್ರು ಅಂತ ನಿನಗೆ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು.”

“ಪೆಟ್ಟಿಗೇಲಿ ಇನ್ನೊಂದು ಬಿಟ್ ಇತ್ತಲ್ಲೋ. ಬಂದು ಕೇಳ್ಬಾರ್ದಿತ್ತಾ? ಆಗ್ಲೇ ಪಿನ್ ನೋಡಿ ಹೇಳ್ತಿದ್ದೆ.”

ಅವನು ಮೊದಲ ಸಲ ಮುಖವೆತ್ತಿದ. “ನಿನ್ನ ಹತ್ರಾನಾ? ಮೇಸ್ತ್ರಿಗೆ ಒಂದು ತೂತು ಕೊರೆಯೋಕೆ ಬರಲ್ಲ ಅಂತ ಇಡೀ ವರ್ಕ್‌ಶಾಪಿಗೆ ಕೇಳೋ ಹಾಗೆ ಕೂಗ್ತಿದ್ದೆ, ಸಬೀನಾ.”

ಅವನು ಹೇಳಿದ್ದು ನಿಜವೇ. ಖಂಡಿತ ಕೂಗುತ್ತಿದ್ದೆ.

ನಾಲ್ಕು ಗಂಟೆಗೆ ಮೂರು ಶವಪೆಟ್ಟಿಗೆಗಳು ಮುಂದಿನ ಬೀದಿಯಲ್ಲಿ ಹೋದವು. ಅದೇ ಹೊತ್ತಿಗೆ ದೋನ್ ಅಬೆಲಾರ್ದೊ ಮೇಸ್ತ್ರಿಯನ್ನು ತಮ್ಮ ಗಾಡಿಯಲ್ಲಿ ಮಲಗಿಸಿ, ಮೇಲೆ ಕಂಬಳಿ ಹೊದಿಸಿ, ಹಿಂದಿನ ಗೇಟಿನಿಂದ ದಾಟಿಸಿದರು. ಮಣ್ಣಾದ ಮೇಲೆ ಸಾರ್ಜೆಂಟ್ ಸ್ಮಶಾನದಲ್ಲೇ ನಿಂತು ಎಲ್ಲವನ್ನೂ ಹೇಳಿದ. ಜನ ಮೇಸ್ತ್ರಿಯ ಮನೆಗೆ ಕಲ್ಲು ತೂರಿ ಕಿಟಕಿಗಳನ್ನೆಲ್ಲ ಒಡೆದರು. ಬೆನಿಗ್ನೊನ ಹೆಂಡತಿ ಮಾತ್ರ ಹೊಸ ಮಣ್ಣಿನ ಪಕ್ಕದಿಂದ ಏಳಲಿಲ್ಲವಂತೆ.

ಸಿಪ್ರಿಯಾನೊ ನನ್ನ ಮನೆಗೆ ಬಂದ. ಒಣ ಆಲೂಗಡ್ಡೆ, ಮಾಂಸ ಹಾಕಿ ಸಾರು ಮಾಡಿದ್ದೆ. ಎರಡು ಬಟ್ಟಲು ಕುಡಿದ. ಹಣೆಯ ಗಾಯಕ್ಕೆ ಬಟ್ಟೆ ಕಟ್ಟಲು ಹೋದರೆ, ಇರಲಿ ಎಂದ.

“ಬಿಲ್ಲೆ ನಂದು ಅಂತ ಹೇಳಿದ್ಯಲ್ಲ, ಅದಕ್ಕೆ ನನಗೆ ಕೋಪ ಇಲ್ಲ” ಎಂದ, ಬಟ್ಟಲನ್ನೇ ನೋಡುತ್ತ. “ಇದ್ದದ್ದನ್ನ ಇದ್ದ ಹಾಗೆ ಹೇಳ್ದೆ. ಆದ್ರೆ ನಿನ್ನೆ ಮಧ್ಯಾಹ್ನದಿಂದ ನಾನು ಆ ಕೋಣೇಲಿದ್ದೆ. ನಿನ್ನ ಕಿಟಕಿಯಿಂದ ಇನ್ನೂರು ಹೆಜ್ಜೆ. ಒಂದು ಸಲಾನೂ ಯಾಕೆ ಬರ್ಲಿಲ್ಲ ಅಕ್ಕಾ?”

ಜನ ಬಿಡಲಿಲ್ಲ ಎನ್ನಬಹುದಿತ್ತು. ಸಾರ್ಜೆಂಟ್ ಬೇಡವೆಂದ ಎನ್ನಬಹುದಿತ್ತು. ಇಪ್ಪತ್ತೆಂಟು ವರ್ಷದ ಕೆಳಗೆ ನಮ್ಮಮ್ಮ ಸತ್ತಾಗ ಇವನಿಗೆ ಮೂರು ವರ್ಷ, ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು ನಾನು.

“ನೀನೇ ಮಾಡಿದ್ದೀಯ ಅನ್ಕೊಂಡಿದ್ದೆ ಕಣೋ” ಎಂದೆ.

ಅವನು ತಲೆಯಾಡಿಸಿದ. ಎದ್ದು ಬಟ್ಟಲನ್ನು ತಾನೇ ತೊಳೆದು ಬೋರಲು ಹಾಕಿದ. ಗೂಟದಿಂದ ಟೋಪಿ ತೆಗೆದುಕೊಂಡ. ಬಾಗಿಲಲ್ಲಿ ಒಂದು ಕ್ಷಣ ನಿಂತ.

“ಊಟ ಹಾಕಿದ್ದಕ್ಕೆ ಪುಣ್ಯ ಬರ್ಲಿ, ದೋನ್ಯಾ ಸಬೀನಾ” ಎಂದ. “ನಾನಿನ್ನು ಬರ್ತೀನಿ.”